ತಂಪಿನ ಲೆಕ್ಕ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಯಂತ್ರವೊಂದನ್ನು ಕುರಿತು ಬರೆಯ ಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವೆನಿಸೀತು. ಆದರೆ ಮನೆಯ ಆಯವ್ಯಯವೂ ಅರ್ಥಶಾಸ್ತ್ರದ ಒಂದು ಭಾಗವೇ ಆಗಿರುವುದರಿಂದ ಅಧ್ಯಾಪಕರು ಕ್ಷಮಿಸುವರೆಂದು ನಂಬಿದ್ದೇನೆ.

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕ ಬಾಣಂತನಕ್ಕೆಂದು ಹಾವೇರಿಯ ನಮ್ಮ ಮನೆಗೆ ಬಂದಳು. ನಮ್ಮದು ಆರ್.ಸಿ.ಸಿ. ಛಾವಣಿಯ ಚಿಕ್ಕ ಮನೆ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಕೈಗೆ ಬಿಸಿ ತಾಗುವುದು. ಕೂಸಿನ ಮೈಮೇಲೆ ಬೆವರುಸಾಲೆ ಎದ್ದಾಗ ಅಪ್ಪ ತಡೆಯಲಾರದೆ ಒಂದು ಟನ್ನಿನ ಹವಾನಿಯಂತ್ರಣ ಯಂತ್ರವೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು ಕೂಡಿಸಿದರು. ಮನೆಮಂದಿಗೆಲ್ಲ ಹಿಗ್ಗು. ಹದಿನೆಂಟು ಡಿಗ್ರಿಗೆ ಇಟ್ಟು ರಾತ್ರಿಯಿಡೀ ನಡೆಸಿದೆವು. ಅಜ್ಜಿ ಕೌದಿ ಹೊದ್ದು ಮಲಗಿದರು. ಆ ಕೌದಿಯೇ ನಮಗೆ ಎಚ್ಚರಿಕೆಯಾಗಬೇಕಿತ್ತು!

ತಿಂಗಳ ಕೊನೆಗೆ ಬಿಲ್ಲು ಬಂತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮವನ್ನು ವಾಚಕರು ಬಲ್ಲರು. 2022-23ರ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿ ಬಂದಷ್ಟು ಯುನಿಟ್ಟು ಉಚಿತ. ಅದನ್ನು ಮೀರಿದರೆ ಹೆಚ್ಚಿನದಕ್ಕೆ ಮಾತ್ರ ಹಣ. ಆದರೆ 200 ಯುನಿಟ್ ದಾಟಿತೆಂದರೆ ಪೂರ್ಣ ಬಿಲ್ಲನ್ನೇ ತೆರಬೇಕು. ನಮ್ಮ ಸರಾಸರಿ 85, ಉಚಿತವಾಗಿ ದೊರೆಯುತ್ತಿದ್ದುದು 93. ಆ ತಿಂಗಳು ಬಂದದ್ದು 300ರ ಸಮೀಪ. ಅಪ್ಪ ಬಿಲ್ಲನ್ನು ಎರಡು ಸಲ ಓದಿ, ಮಡಿಚಿ, ಜೇಬಿನಲ್ಲಿಟ್ಟುಕೊಂಡು ಸುಮ್ಮನಾದರು. ಅಕ್ಕ ಮಾತ್ರ ಮರುದಿನವೇ ಗಂಡನ ಮನೆಗೆ ಹೊರಡುವ ಮಾತು ತೆಗೆದಳು. ನಾನು ಈ ಅಭ್ಯಾಸಕ್ಕೆ ತೊಡಗಿದ್ದು ಅಂದು.

ನನ್ನ ಸೋದರಮಾವ ಬ್ಯಾಡಗಿಯ ಒಂದು ಶೈತ್ಯಾಗಾರದಲ್ಲಿ ಕೆಲಸ ಮಾಡುವವರು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಶಾಖ, ಬೆಳಕು, ಗಾಳಿ ಇವು ಮೂರೂ ಆ ಕೆಂಪನ್ನು ತಿನ್ನುತ್ತವೆ. ಆದುದರಿಂದಲೇ ಆ ಊರಿನ ಸುತ್ತ ಅಷ್ಟೊಂದು ಶೈತ್ಯಾಗಾರಗಳು. ಮಾವನ ಬಳಿ ಹೋಗಿ ನಮ್ಮ ಯಂತ್ರದ ದೂರು ಹೇಳಿದೆ. ಅವರು ನಕ್ಕು, “ತಮ್ಮಾ, ಯಾವ ಮಶೀನಿಗೂ ಥಂಡಿ ಹುಟ್ಟಸಾಕ ಬರಂಗಿಲ್ಲ. ಒಳಗಿನ ಶಾಖಾ ಹೊತ್ತು ಹೊರಗ ಚೆಲ್ಲತೈತಿ, ಅಷ್ಟ. ನೀವು ಒಳಗ ಎಷ್ಟು ಶಾಖಾ ಬಿಡತೀರಿ ಅದನ್ನ ನೋಡ್ರಿ” ಎಂದರು.

ಈ ಒಂದು ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿದೆ. ಮಣ್ಣಿನ ಹರವಿಯ ನೀರು ತಂಪಾಗುವುದೇಕೆ? ಹೊರಮೈಯಲ್ಲಿ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುವುದರಿಂದ. ಯಂತ್ರದಲ್ಲಿಯೂ ಒಂದು ದ್ರವವು ಒಳಗಿನ ಕೊಳವೆಗಳಲ್ಲಿ ಆವಿಯಾಗಿ ಕೋಣೆಯ ಶಾಖವನ್ನು ಹೀರುವುದು. ಕಂಪ್ರೆಸರು ಆ ಆವಿಯನ್ನು ಒತ್ತಿ ಹೊರಗಿನ ಪೆಟ್ಟಿಗೆಗೆ ಕಳಿಸುವುದು. ಅಲ್ಲಿ ಅದು ಶಾಖವನ್ನು ಬಿಟ್ಟು ಮತ್ತೆ ದ್ರವವಾಗುವುದು. ಹರವಿಯ ಆವಿ ಗಾಳಿಗೆ ಹೋಗಿಬಿಡುತ್ತದೆ, ಇಲ್ಲಿ ತಿರುಗಿ ಬರುತ್ತದೆ. ವಿದ್ಯುತ್ತು ಖರ್ಚಾಗುವುದು ಮುಖ್ಯವಾಗಿ ಈ ಒತ್ತುವ ಕೆಲಸಕ್ಕೆ. ಇನ್ನು ‘ಟನ್ನು’ ಎಂಬುದು ಯಂತ್ರದ ತೂಕವಲ್ಲ. 2000 ಪೌಂಡು ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖದ ಪ್ರಮಾಣ ಅದು, ಅರ್ಥಾತ್ ಸುಮಾರು 3.5 ಕಿಲೋವ್ಯಾಟು. ಇಷ್ಟನ್ನು ಹೊರಹಾಕಲು ನಮ್ಮ ಯಂತ್ರ ಸುಮಾರು 1.2 ಕಿಲೋವ್ಯಾಟು ವಿದ್ಯುತ್ತನ್ನು ನುಂಗುತ್ತಿತ್ತು. ಒಂಬತ್ತು ತಾಸು ಬಿಡದೆ ನಡೆದರೆ ರಾತ್ರಿಯೊಂದಕ್ಕೆ ಹನ್ನೊಂದು ಯುನಿಟ್ಟು!

ಪ್ರಾಸಂಗಿಕವಾಗಿ ಒಂದು ಮಾತು. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಇಂಜಿನಿಯರನು ಆಧುನಿಕ ಹವಾನಿಯಂತ್ರಣವನ್ನು ಯೋಜಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ; ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲವಂತೆ. ಅಲ್ಲಿ ಕಾಗದದ ಬಣ್ಣ, ನಮ್ಮ ಬ್ಯಾಡಗಿಯಲ್ಲಿ ಕಾಯಿಯ ಬಣ್ಣ.

ಮಾವ ನನ್ನನ್ನು ಶೈತ್ಯಾಗಾರದ ಒಳಗೆ ಕರೆದೊಯ್ದು ತೋರಿಸಿದರು. ಗೋಡೆಗಳಿಗೆ ದಪ್ಪನೆಯ ಶಾಖನಿರೋಧಕ ಹೊದಿಕೆ, ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ. ಬಾಗಿಲು ಅರೆಗಳಿಗೆ ಹೆಚ್ಚು ತೆರೆದಿದ್ದರೂ ಹಮಾಲರಿಗೆ ಬೈಗುಳ. ನಮ್ಮ ಕೋಣೆಯಲ್ಲಾದರೋ ಬಾಗಿಲ ಕೆಳಗೆ ಎರಡು ಬೆರಳು ಸಂದು, ಪಡುವಣ ಕಿಟಕಿಗೆ ಬರಿಯ ಗಾಜು.

ಇದಾದ ಮೇಲೆ ರಾಣೇಬೆನ್ನೂರಿನ ಗೆಳೆಯನ ಮನೆಗೆ ಹೋಗಿದ್ದೆ. ಅಲ್ಲಿ ಬೀಜದ ವ್ಯಾಪಾರ ದೊಡ್ಡದು. ಉಷ್ಣಮಾನ 5 ಡಿಗ್ರಿ ಇಳಿದರೆ ಬೀಜದ ಆಯುಷ್ಯ ಇಮ್ಮಡಿಯಾಗುವುದೆಂಬುದು ಬೀಜಶಾಸ್ತ್ರದ ಒಂದು ಸ್ಥೂಲ ನಿಯಮ. ಆದರೆ ನಾನು ಕಂಡ ಸೋಜಿಗ ಗೆಳೆಯನ ಹಳೆಯ ಮೇಲ್ಮುದ್ದೆಯ ಮನೆ. ಒಂದೂವರೆ ಮೊಳದ ಮಣ್ಣಿನ ಗೋಡೆ, ತೊಲೆಗಳ ಮೇಲೆ ದಪ್ಪ ಮಣ್ಣು. ಮಧ್ಯಾಹ್ನ ಎರಡಕ್ಕೆ ಹೊರಗೆ ಕಾಲಿಡಲಾಗದಿದ್ದರೂ ಒಳಗೆ ಒಂದು ಫ್ಯಾನು ಸಾಕಾಗಿತ್ತು. ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಸೋರುವ ಮೇಲ್ಮುದ್ದೆಯ ಕೆಳಗೆ ಪಾತ್ರೆ ಹಿಡಿದು ಕೂತ ರಾತ್ರಿಗಳನ್ನು ಗೆಳೆಯನ ತಾಯಿ ಬಣ್ಣಿಸಿದಾಗ ಕಾಂಕ್ರೀಟಿನ ಆಸೆ ಏಕೆಂಬುದೂ ತಿಳಿಯಿತು. ನಮ್ಮ ಛಾವಣಿ ಹಗಲಿನ ಬಿಸಿಲನ್ನು ಕುಡಿದು ರಾತ್ರಿ ಕಾರುವುದು. ಸೋರುವುದಿಲ್ಲವೆಂಬುದಷ್ಟೇ ಅದರ ಗುಣ.

ಊರಿಗೆ ಮರಳಿ ಕೆಲಸಕ್ಕೆ ತೊಡಗಿದೆ. ಛಾವಣಿಗೆ ಸುಣ್ಣವನ್ನು ದಪ್ಪಗೆ ಎರಡು ಸಲ ಬಳಿದೆ. ಬಿಳಿಯ ಮೈ ಬಿಸಿಲನ್ನು ಬಹುಪಾಲು ಹಿಂದಕ್ಕೆ ಅಟ್ಟುವುದು. ಕಿಟಕಿಗೆ ಹೊರಗಿನಿಂದ ತಟ್ಟು ಕಟ್ಟಿದೆ. ಒಳಗಿನ ಪರದೆಗಿಂತ ಹೊರಗಿನ ನೆರಳು ಮೇಲು, ಏಕೆಂದರೆ ಗಾಜನ್ನು ದಾಟಿದ ಬಿಸಿಲು ಆಗಲೇ ಮನೆಯೊಳಗಿನ ಶಾಖವಾಗಿಬಿಟ್ಟಿರುತ್ತದೆ. ಬಾಗಿಲ ಸಂದಿಗೆ ಅಜ್ಜಿ ಹಳೆಯ ಸೀರೆಯನ್ನು ಸುತ್ತಿಕೊಟ್ಟರು. ಯಂತ್ರದ ಜಾಳಿಗೆ ತೆಗೆದು ನೋಡಿದರೆ ಬೂದಿಯಂಥ ಧೂಳು. ತೊಳೆದು ಒಣಗಿಸಿ ಹಾಕಿದೆ. ಹೊರಗಿನ ಪೆಟ್ಟಿಗೆಯ ಮುಂದೆ ನಾವೇ ಕಟ್ಟಿಗೆ ಒಟ್ಟಿದ್ದೆವು. ಅದು ಉಗುಳಿದ ಬಿಸಿಗಾಳಿಯನ್ನು ಅದೇ ಮತ್ತೆ ಸೇದುತ್ತಿತ್ತು. ಕಟ್ಟಿಗೆ ಸರಿಸಿ, ಗಾಳಿಗೆ ಅಡ್ಡಬಾರದಂತೆ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಹದಿನೆಂಟು ಡಿಗ್ರಿಯ ಮೋಹವನ್ನು ಬಿಡಿಸುವುದು. ಹದಿನೆಂಟಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುವುದೆಂದು ಅಪ್ಪನ ವಾದ. ನಮ್ಮಂಥ ಹಳೆಯ ಬಗೆಯ ಯಂತ್ರದ ಕಂಪ್ರೆಸರಿಗೆ ಒಂದೇ ವೇಗ. ಎಷ್ಟಕ್ಕೆ ಇಟ್ಟರೂ ಅಷ್ಟೇ ದುಡಿಯುವುದು, ಹದಿನೆಂಟಕ್ಕಿಟ್ಟರೆ ನಿಲ್ಲುವುದಿಲ್ಲ ಅಷ್ಟೆ. (ಇನ್ವರ್ಟರ್ ಬಗೆಯವು ಅಗತ್ಯಕ್ಕೆ ತಕ್ಕಂತೆ ವೇಗ ತಗ್ಗಿಸಬಲ್ಲವು.) ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6 ವಿದ್ಯುತ್ತು ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಅಂದಾಜು ಮಾಡಿದೆ. 2020ರ ಜನವರಿಯಿಂದ, ತಾರೆಯ ಗುರುತುಳ್ಳ ಹೊಸ ಯಂತ್ರಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿಕೊಂಡು ಬರಬೇಕೆಂಬ ನಿಯಮವೂ ಆಯಿತು. ನಾವು 26ಕ್ಕೆ ಇಟ್ಟು ಫ್ಯಾನನ್ನು ಮೆಲ್ಲಗೆ ತಿರುಗಿಸಿದೆವು. ರಾತ್ರಿ ಹತ್ತರಿಂದ ಮೂರರವರೆಗೆ ಮಾತ್ರ ಯಂತ್ರ. ಆಮೇಲೆ ಕಿಟಕಿ ತೆರೆದರೆ ಬೆಳಗಿನ ಗಾಳಿ ಪುಕ್ಕಟೆ.

ದಿನಾಲೂ ಬೆಳಿಗ್ಗೆ ಮೀಟರಿನ ಅಂಕಿಯನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಯಂತ್ರದ ಪಾಲು ರಾತ್ರಿಗೆ ಮೂರೂವರೆ ಯುನಿಟ್ಟಿನ ಸುತ್ತಮುತ್ತ ಬಂತು. ತಾಸು ಕಡಿಮೆ ಮಾಡಿದ್ದರ ಪಾಲೆಷ್ಟು, ಸುಣ್ಣದ ಪಾಲೆಷ್ಟು ಎಂದು ಬಿಡಿಸಿ ಹೇಳಲು ನನ್ನ ಲೆಕ್ಕಕ್ಕೆ ಬಲ ಸಾಲದು. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಿದ್ದು ಶಾಸ್ತ್ರದೃಷ್ಟಿಯಿಂದ ತಪ್ಪೇ ಸರಿ. ಆದರೆ ಕೂಸು ಕಾಯಬೇಕಲ್ಲ?

ಮುಂದಿನ ಬಿಲ್ಲು 193 ಯುನಿಟ್ಟು. ಇನ್ನೂರಕ್ಕೆ ಏಳು ಕಡಿಮೆ. ನೂರು ಯುನಿಟ್ಟಿಗೆ ಮಾತ್ರ ಹಣ ಕಟ್ಟಿದೆವು. ಅಪ್ಪ ಈ ಸಲವೂ ಎರಡು ಸಲ ಓದಿ ಮಡಿಚಿದರು, ಆದರೆ ಜೇಬಿನಲ್ಲಿಡದೆ ಅಕ್ಕನ ಕೈಗೆ ಕೊಟ್ಟರು. ಜೂನಿನಲ್ಲಿ ಮಳೆ ಹಿಡಿಯುವವರೆಗೂ ಆಕೆ ನಮ್ಮಲ್ಲಿಯೇ ಇದ್ದಳು.