ಹಂಚು ಕೊಳ್ಳುವ ಮೊದಲು

ರೊಟ್ಟಿ ಹೊತ್ತಿದರೆ ಮನೆಯಲ್ಲಿ ಬೈಗುಳ ಯಾರಿಗೆ? ರೊಟ್ಟಿ ಬಡಿದವಳಿಗೆ. ಅಂಚು ಹಸಿ ಉಳಿದರೂ ಅವಳಿಗೇ. ‘ಕೈಯಾಗ ಹದಾನ ಇಲ್ಲ’ ಅಂದುಬಿಡುತ್ತಾರೆ. ಹಂಚನ್ನು ಯಾರೂ ಬೈಯುವುದಿಲ್ಲ. ಆದರೆ ಎಷ್ಟೋ ಸಲ ತಪ್ಪು ಕೈಯದಲ್ಲ, ಹಂಚಿನದು.

ನಮ್ಮ ನವಲಗುಂದ ಸೀಮೆ ಎರಿ ಭೂಮಿಯ ಸೀಮೆ. ಬಿಳಿಜೋಳದ ರೊಟ್ಟಿ ಇಲ್ಲದಿದ್ದರೆ ನಮಗೆ ಉಂಡಂಗ ಆಗೋದಿಲ್ಲ. ಒಂದು ಮನೆಯಲ್ಲಿ ದಿನಕ್ಕೆ 20 ರೊಟ್ಟಿ ಆಗುತ್ತವೆ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 365 ದಿನ. 20ನ್ನು 365ರಿಂದ ಗುಣಿಸಿ ನೋಡಿ. 7,300 ರೊಟ್ಟಿ! ಇಷ್ಟೂ ರೊಟ್ಟಿ ಒಂದೇ ಹಂಚಿನ ಮೇಲೆ ಬೇಯಬೇಕು. ಸೀರೆ ಕೊಳ್ಳುವಾಗ ಅರ್ಧ ದಿನ ಅಂಗಡಿಯಲ್ಲಿ ಕೂಡುತ್ತೇವೆ. ಹಂಚನ್ನು ಮಾತ್ರ ಸಂತೆಯಲ್ಲಿ ನಿಂತ ಕಾಲಲ್ಲೇ ಕೊಂಡು ತರುತ್ತೇವೆ. ಇದು ಸರಿಯೇ?

ನಮ್ಮೂರಿನ ಹೆಣ್ಣುಮಕ್ಕಳು ಜಮಖಾನೆ ನೇಯುವುದರಲ್ಲಿ ಹೆಸರಾದವರು. ಜಮಖಾನೆ ಕೊಳ್ಳುವಾಗ ಮೇಲಿನ ಬಣ್ಣ ನೋಡಿ ಸುಮ್ಮನಾಗುವುದಿಲ್ಲ. ತಿರುವಿ ಹಾಕಿ ಹಿಂದಿನ ಮಗ್ಗಲು ನೋಡುತ್ತೇವೆ. ನೇಯ್ಗೆ ಬಿಗಿಯಾಗಿದೆಯೇ ಎಂದು ಕೈಯಿಂದ ಹಿಚುಕಿ ನೋಡುತ್ತೇವೆ. ಹಂಚನ್ನೂ ಹಾಗೇ ನೋಡಬೇಕು.

ಮೊದಲು ಒಂದು ಮಾತು ತಿಳಿದುಕೊಳ್ಳೋಣ. ಜೋಳದ ರೊಟ್ಟಿಗೆ ದಪ್ಪ ಹಂಚು ಯಾಕೆ ಬೇಕು? ಗೋದಿ ಹಿಟ್ಟಿಗೆ ಜಿಗುಟು ಇದೆ. ಜೋಳದ ಹಿಟ್ಟಿಗೆ ಆ ಜಿಗುಟು ಇಲ್ಲ. ಅದಕ್ಕೇ ಬಿಸಿ ನೀರು ಹಾಕಿ ನಾದುತ್ತೇವೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ನೀರು ಸವರುತ್ತೇವೆ. ಹಸಿ ರೊಟ್ಟಿ, ಮೇಲೆ ನೀರು. ಎರಡೂ ಸೇರಿ ಹಂಚಿನ ಬಿಸಿಯನ್ನು ಒಮ್ಮೆಲೇ ಎಳೆದುಕೊಳ್ಳುತ್ತವೆ. ದಪ್ಪ ಹಂಚಿನ ಹೊಟ್ಟೆಯಲ್ಲಿ ಬಿಸಿ ಕೂಡಿಟ್ಟಿರುತ್ತದೆ. ಸ್ವಲ್ಪ ಹೋದರೂ ಇನ್ನೂ ಉಳಿದಿರುತ್ತದೆ. ರೊಟ್ಟಿ ಎಲ್ಲ ಕಡೆ ಒಂದೇ ಸಮ ಬೇಯುತ್ತದೆ, ಉಬ್ಬುತ್ತದೆ. ತೆಳು ಹಂಚು ಹಾಗಲ್ಲ. ಅದು ಬೇಗ ಕಾಯುತ್ತದೆ, ಬೇಗ ಆರುತ್ತದೆ. ‘ಆರಿತಲ್ಲ’ ಎಂದು ನಾವು ಉರಿ ಜೋರು ಮಾಡುತ್ತೇವೆ. ಆಗ ನಡುವೆ ಹೊತ್ತುತ್ತದೆ, ಅಂಚು ಹಸಿ ಉಳಿಯುತ್ತದೆ. ಕಟ್ಟಿಗೆ ಹೋಯಿತು, ಗ್ಯಾಸ್ ಹೋಯಿತು, ಬೈಗುಳವೂ ಬಂತು.

ಅಂಗಡಿಯಲ್ಲಿ ಈಗ ನಾನಾ ತರಹದ ಹಂಚು ಸಿಗುತ್ತವೆ.

ಮಣ್ಣಿನ ಹಂಚು ಎಲ್ಲಕ್ಕಿಂತ ಹಳೆಯದು. ಮನೆಯ ಮೇಲೆ ಹೊದಿಸುವುದಕ್ಕೂ ಹಂಚು ಅಂತೀವಿ, ರೊಟ್ಟಿ ಬೇಯಿಸುವುದಕ್ಕೂ ಹಂಚು ಅಂತೀವಿ. ಎರಡೂ ಸುಟ್ಟ ಮಣ್ಣೇ ಅಲ್ಲವೇ! ಶೇಂಗಾ, ಎಳ್ಳು ಹುರಿಯಲು ಇದು ಬಲು ಚಲೋ. ಆದರೆ ಕಾದಾಗ ತಣ್ಣೀರು ಬಿದ್ದರೆ ಬಿರಿಯುತ್ತದೆ.

ಕಬ್ಬಿಣದ ಹಂಚಿನಲ್ಲಿ ಎರಡು ಜಾತಿ. ಒಂದು, ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದ ಎರಕದ ಹಂಚು. ಇದು ಭಾರ. ಬಿಸಿ ಬಹಳ ಹೊತ್ತು ಹಿಡಿಯುತ್ತದೆ. ಆದರೆ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆಯಬಹುದು. ಇನ್ನೊಂದು, ದಪ್ಪ ತಗಡು ಬಡಿದು ಮಾಡಿದ್ದು. ಇದು ಬಿದ್ದರೆ ನೆಗ್ಗಬಹುದು, ಒಡೆಯುವುದಿಲ್ಲ. ದಿನದ ರೊಟ್ಟಿಗೆ ದಪ್ಪನೆಯ ಬಡಿದ ಹಂಚೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ನಾವು ಜರ್ಮನ್ ಪಾತ್ರೆ ಎನ್ನುತ್ತೇವಲ್ಲ, ಅದು ಅಲ್ಯುಮಿನಿಯಂ. ಹಗುರ, ಬೆಲೆ ಕಡಿಮೆ. ಇದರಲ್ಲಿ ಹುಳಿ ಪದಾರ್ಥ ಮಾಡಬಾರದು. ಪುಂಡಿಪಲ್ಯ, ಹುಣಸೆಹುಳಿ ಹಾಕಿದ ಸಾರು ಲೋಹವನ್ನು ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಗುಜರಿ ಸಾಮಾನು ಕರಗಿಸಿ ಮಾಡಿದ ಪಾತ್ರೆಯಾದರೆ ಅದರಲ್ಲಿ ಸೀಸವೂ ಸೇರಿರಬಹುದು. ಸೀಸ ವಿಷ. ಮಕ್ಕಳಿಗಂತೂ ಬಹಳ ಕೆಟ್ಟದ್ದು.

ಇನ್ನು ಅಂಟದ ಹಂಚು, ಅಂದರೆ ನಾನ್‌ಸ್ಟಿಕ್. ಕರ್‍ರಗೆ, ನುಣ್ಣಗೆ ಹೊಳೆಯುತ್ತದೆ. ‘ತಗೋರಿ ಅಕ್ಕಾರ, ಹಗುರ ಐತಿ, ಹತ್ತೂದಿಲ್ಲ’ ಎಂದು ಅಂಗಡಿಯವರು ಮುಂದೆ ಇಡುತ್ತಾರೆ. ಇದರ ಮೇಲಿನ ಲೇಪ 1938ರಲ್ಲಿ ಅಮೆರಿಕದಲ್ಲಿ ಸಿಕ್ಕ ಒಂದು ಬಗೆಯ ಪ್ಲಾಸ್ಟಿಕ್. 260 ಡಿಗ್ರಿ ಬಿಸಿ ದಾಟಿದರೆ ಅದು ಕೆಡತೊಡಗುತ್ತದೆ. ಇನ್ನೂ ಹೆಚ್ಚು ಕಾದರೆ ಕೆಟ್ಟ ಹೊಗೆ ಬಿಡುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ. ಖಾಲಿ ಹಂಚು ಜೋರು ಉರಿಯ ಮೇಲೆ ಕೆಲವೇ ನಿಮಿಷಕ್ಕೆ 260 ದಾಟಬಹುದು. ನಾವು ರೊಟ್ಟಿಗೆ ಖಾಲಿ ಹಂಚನ್ನೇ ಕಾಯಿಸುತ್ತೇವೆ, ಎಣ್ಣೆ ಹಾಕುವುದಿಲ್ಲ. ಆದ್ದರಿಂದ ಇದು ಜೋಳದ ರೊಟ್ಟಿಯ ಹಂಚಲ್ಲ. ಸಣ್ಣ ಉರಿಯಲ್ಲಿ ದೋಸೆಗೆ ಬೇಕಾದರೆ ಇರಲಿ. ಲೇಪ ಎದ್ದ ಮೇಲೆ ಅದನ್ನೂ ಇಟ್ಟುಕೊಳ್ಳಬೇಡಿ.

ಅಂಗಡಿಯಲ್ಲಿ ಹೇಗೆ ನೋಡಬೇಕು? ಮೊದಲು ಎರಡೂ ಕೈಯಿಂದ ಎತ್ತಿ ನೋಡಿ. ಒಂದೇ ಅಗಲದ ಎರಡು ಹಂಚಿನಲ್ಲಿ ಭಾರ ಇರುವುದನ್ನು ಆರಿಸಿ. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟು ಹಂಚಿನ ಅಂಚಿಗೆ ಹಿಡಿಯಿರಿ. ಅಷ್ಟಾದರೂ ದಪ್ಪ ಇರಬೇಕು. ಬೆರಳಿನ ಗೆಣ್ಣಿನಿಂದ ಬಡಿಯಿರಿ. ಗಂಟೆಯಂತೆ ‘ಠಣ್’ ಎಂದರೆ ಸರಿ. ಒಡಕು ದನಿ ಬಂದರೆ ಎಲ್ಲೋ ಸೀಳಿದೆ. ತಿರುವಿ ಹಾಕಿ ತಳ ನೋಡಿ, ತೂತು, ಗುಳಿ ಇರಬಾರದು. ಹಿಡಿಕೆ ಇದ್ದರೆ ಅಲ್ಲಾಡಿಸಿ ನೋಡಿ. ಕಬ್ಬಿಣವೋ ಅಲ್ಯುಮಿನಿಯಮ್ಮೋ ಅನುಮಾನ ಬಂದರೆ ಮಕ್ಕಳ ಆಟದ ಅಯಸ್ಕಾಂತ ಒಯ್ಯಿರಿ. ಕಬ್ಬಿಣಕ್ಕೆ ಅದು ಗಟ್ಟಿಯಾಗಿ ಹತ್ತುತ್ತದೆ. ಅಲ್ಯುಮಿನಿಯಂಗೆ ಹತ್ತುವುದೇ ಇಲ್ಲ.

ನಿಮ್ಮ ಒಲೆ ಯಾವುದು ಎಂಬುದನ್ನೂ ನೆನಪಿಡಿ. ಕಟ್ಟಿಗೆ ಒಲೆಗೆ ತಳ ಸ್ವಲ್ಪ ಉಬ್ಬಿದ ಹಂಚು ಚೆನ್ನಾಗಿ ಕೂಡುತ್ತದೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಗ್ಯಾಸ್ ಒಲೆ ಬಂದ ಮನೆಗಳು ಬಹಳ. ಗ್ಯಾಸಿನ ಮೇಲೆ ಉಬ್ಬು ಹಂಚು ಓಲಾಡುತ್ತದೆ. ಅದಕ್ಕೆ ಸಪಾಟು ತಳ ಬೇಕು. ಅಂಗಡಿಯ ನೆಲದ ಮೇಲೇ ಇಟ್ಟು ಒತ್ತಿ ನೋಡಿ. ಖಾನಾವಳಿಗೆ ರೊಟ್ಟಿ ಮಾಡಿಕೊಡುವ ಅಕ್ಕಂದಿರು ದೊಡ್ಡ ಹಂಚು ಬೇಕು ಎನ್ನುತ್ತಾರೆ. ಬೇಕು ನಿಜ. ಆದರೆ ಒಲೆಯ ಉರಿ ಅಂಚಿನ ತನಕ ಮುಟ್ಟದಿದ್ದರೆ ದೊಡ್ಡ ಹಂಚಿನಿಂದ ಲಾಭವಿಲ್ಲ.

ಬೆಲೆ ಹೆಚ್ಚಾಯಿತು ಎಂದು ಮನೆಯವರು ಗೊಣಗಿದರೆ ಈ ಲೆಕ್ಕ ಹೇಳಿ. ತೆಳು ಹಂಚು 200 ರೂಪಾಯಿ, ಎರಡು ವರ್ಷ ಬಾಳುತ್ತದೆ ಅನ್ನೋಣ. ದಪ್ಪ ಹಂಚು 600 ರೂಪಾಯಿ, 20 ವರ್ಷ ಬಾಳುತ್ತದೆ ಅನ್ನೋಣ. 20 ವರ್ಷಕ್ಕೆ ತೆಳು ಹಂಚು 10 ಬೇಕು. 10 ಹಂಚಿಗೆ 2,000 ರೂಪಾಯಿ. ಉಳಿತಾಯ 1,400 ರೂಪಾಯಿ. ಗ್ಯಾಸಿನ ಉಳಿತಾಯ ಬೇರೆ.

ಹೊಸ ಕಬ್ಬಿಣದ ಹಂಚನ್ನು ತಂದ ದಿನವೇ ರೊಟ್ಟಿಗೆ ಇಡಬಾರದು. ಅದನ್ನು ಪಳಗಿಸಬೇಕು. ಸೋಪು ಹಚ್ಚಿ ತಿಕ್ಕಿ ತೊಳೆಯಿರಿ. ಒಲೆಯ ಮೇಲೆ ಪೂರ್ತಿ ಒಣಗಿಸಿ. ತೆಳ್ಳಗೆ ಕುಸುಬಿ ಎಣ್ಣೆ ಸವರಿ. ಉಳ್ಳಾಗಡ್ಡಿ ಅರ್ಧ ಕತ್ತರಿಸಿ ಅದರಿಂದಲೇ ಸವರಬಹುದು. ಹೊಗೆ ಆಡುವ ತನಕ ಕಾಯಿಸಿ, ಆರಲು ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿ. ಕುಸುಬಿ ಎಣ್ಣೆ ಕಾದಾಗ ಬಿಗಿದು ಕಬ್ಬಿಣದ ಮೇಲೆ ಪದರ ಕಟ್ಟುತ್ತದೆ. ಆ ಪದರವೇ ಜಂಗು ತಡೆಯುತ್ತದೆ. ಎಣ್ಣೆ ಹೆಚ್ಚಾದರೆ ಮಾತ್ರ ಅಂಟಂಟು ಆಗುತ್ತದೆ. ‘ರೊಟ್ಟಿ ಹಂಚಿನಾಗ ದೋಸಿ ಹಾಕಬ್ಯಾಡ’ ಎಂದು ಅತ್ತೆ ಹೇಳುವುದು ಸುಮ್ಮನೆ ಅಲ್ಲ. ರೊಟ್ಟಿಯ ಜೋರು ಬಿಸಿಗೆ ಎಣ್ಣೆಯ ಪದರ ಸುಟ್ಟುಹೋಗುತ್ತದೆ, ಆಮೇಲೆ ದೋಸೆ ಹತ್ತುತ್ತದೆ. ದೋಸೆಗೆ ಬೇರೆ ಹಂಚು ಇಡಿ.

ಕಬ್ಬಿಣದ ಕಡಾಯಿಯಿಂದ ಇನ್ನೊಂದು ಲಾಭವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ಕಬ್ಬಿಣದ ಕಡಾಯಿಯಲ್ಲಿ ಪಲ್ಯ ಮಾಡಿದರೆ ಸ್ವಲ್ಪ ಕಬ್ಬಿಣದ ಅಂಶ ಪಲ್ಯಕ್ಕೆ ಇಳಿಯುತ್ತದೆ. ಹುಳಿ ಇದ್ದರೆ ಹೆಚ್ಚು ಇಳಿಯುತ್ತದೆ. ಒಣ ರೊಟ್ಟಿಗೆ ಅಷ್ಟು ಇಳಿಯುವುದಿಲ್ಲ. ಪಲ್ಯ ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಕಡಾಯಿ ಬಂತು ಎಂದು ಆಶಾ ಅಕ್ಕ ಕೊಟ್ಟ ಗುಳಿಗೆ ಬಿಡಬೇಡಿ.

ಈಗ ಮಕ್ಕಳು ‘ಮನ್ಯಾಗ ಕೇಕ್ ಮಾಡವಾ’ ಎನ್ನುತ್ತಾರೆ. ಮಾಡೋಣ. ದಪ್ಪ ತಳದ ಹಳೆಯ ಕಡಾಯಿಯಲ್ಲಿ ಮರಳು ಹರವಿ, ಒಳಗೆ ಡಬ್ಬಿ ಇಟ್ಟು, ಮೇಲೆ ಮುಚ್ಚಿದರೆ ಸಾಕು. ಆದರೆ ಡಬ್ಬಿ ಯಾವುದು? ಬಣ್ಣ ಬಳಿದ ಬಿಸ್ಕೀಟ್ ಡಬ್ಬಿ ಬೇಡ. ಬಕೆಟ್ ಮಾಡುವ ಸತುವಿನ ತಗಡಂತೂ ಬೇಡವೇ ಬೇಡ. ಬೆಸುಗೆ ಇಲ್ಲದ, ನೆಟ್ಟಗೆ ಗೋಡೆ ಇರುವ ಸ್ಟೀಲ್ ಅಥವಾ ಅಲ್ಯುಮಿನಿಯಂ ಡಬ್ಬಿ ಇರಲಿ.

ಸ್ಟೀಲ್ ಮತ್ತು ಅಲ್ಯುಮಿನಿಯಂ ಪಾತ್ರೆಗೆ ಐಎಸ್‌ಐ ಗುರುತು ಬೇಕು ಎಂದು 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಪಾತ್ರೆಯ ಮೇಲೆ ಆ ಗುರುತು ಹುಡುಕಿ. ಸಂತೆಯ ಕಬ್ಬಿಣದ ಹಂಚಿಗೆ ಗುರುತು ಇರುವುದಿಲ್ಲ, ಅಲ್ಲಿ ನಮ್ಮ ಕಣ್ಣೇ ಗುರುತು. ಅಂಗಡಿಯಲ್ಲಿ ಕೊಂಡರೆ ರಸೀದಿ ಕೇಳಿ. ‘ಯಾಕವ್ವಾ ರಸೀದಿ?’ ಎಂದರೂ ಬಿಡಬೇಡಿ. ಅಂಗಡಿಯ ಹೆಸರು, ದಿನಾಂಕ, ಸಾಮಾನು, ಬೆಲೆ ಬರೆದಿದೆಯೇ ಎಂದು ಅಲ್ಲೇ ನಿಂತು ಓದಿ. ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಫೋನ್ ಮಾಡುವಾಗ ರಸೀದಿ ಕೈಯಲ್ಲಿ ಹಿಡಿದುಕೊಂಡಿರಿ.