ಆಕಸ್ಮಿಕವೋ, ಅಲಕ್ಷ್ಯವೋ? : ಬಸ್ ಅಪಘಾತದ ಗಾಯಾಳುಗಳಿಗೆ ಶಾಸನವು ತೋರುವ ದಾರಿ

ಲೋಕವ್ಯವಹಾರದಲ್ಲಿ 'ಅಕಸ್ಮಾತ್' ಎಂಬ ಶಬ್ದವು ಎಲ್ಲರ ಬಾಯಲ್ಲಿಯೂ ಬಳಕೆಯಾಗತಕ್ಕದ್ದು. 'ಕಸ್ಮಾತ್' ಎಂದರೆ 'ಯಾವುದರಿಂದ', 'ಏತಕ್ಕಾಗಿ' ಎಂದು ಅರ್ಥ. ನಿಷೇಧಾರ್ಥಕವಾದ ಅಕಾರವು ಅದರ ಹಿಂದೆ ಸೇರಿ, ಕಾರಣವಿಲ್ಲದೆ ಒದಗಿದುದು ಎಂಬ ಭಾವವು ಸಿದ್ಧಿಸಿದೆ. 'ಆಕಸ್ಮಿಕ'ವು ಅದರಿಂದಲೇ ಹುಟ್ಟಿದ ಪದ. ಬಸ್ಸೊಂದು ಹಳ್ಳಕ್ಕೆ ಉರುಳಿ ಹತ್ತು ಜನರ ಕೈಕಾಲು ಮುರಿದರೆ ಊರವರು ಅದನ್ನು ಆಕಸ್ಮಿಕವೆನ್ನುತ್ತಾರೆ. ಗಾಯಗೊಂಡವನ ಮನೆಯವರು ಹಣೆಬರಹವೆಂದು ಕಣ್ಣೊರೆಸಿಕೊಳ್ಳುತ್ತಾರೆ. ಶಾಸನವಾದರೋ ಅಷ್ಟಕ್ಕೆ ಸುಮ್ಮನಾಗುವುದಿಲ್ಲ. ಲೋಕವು ಬಿಟ್ಟುಕೊಟ್ಟ 'ಕಸ್ಮಾತ್' ಎಂಬ ಪ್ರಶ್ನೆಯನ್ನೇ ಅದು ಎತ್ತಿಕೊಳ್ಳುತ್ತದೆ. ಬಸ್ಸು ಏತಕ್ಕಾಗಿ ಉರುಳಿತು? ವೇಗದಿಂದಲೋ, ಬ್ರೇಕಿನ ದೋಷದಿಂದಲೋ, ಮಿತಿಮೀರಿ ಜನರನ್ನು ತುಂಬಿದುದರಿಂದಲೋ? ಉತ್ತರವು ಮನುಷ್ಯನ ಅಲಕ್ಷ್ಯವೆಂದಾದರೆ, ಆದ ನಷ್ಟವನ್ನು ತುಂಬಿಕೊಡುವ ಹೊಣೆಯೂ ಮನುಷ್ಯನದೇ ಆಗುತ್ತದೆ.

ಹಿರೇನಲ್ಲೂರು ಸೀಮೆಗೆ ಈ ವಿಚಾರವು ದೂರದ ಮಾತಲ್ಲ. ಓದುವ ಮಕ್ಕಳು, ಸಂತೆಗೆ ಹೋಗುವ ರೈತರು, ಆಸ್ಪತ್ರೆಗೆ ಹೋಗುವ ವೃದ್ಧರು ಬಸ್ಸನ್ನು ನಂಬಿಯೇ ಕಡೂರು ಬೀರೂರುಗಳಿಗೆ ಹೊರಡಬೇಕು. ತುಮಕೂರಿನಿಂದ ಕಡೂರು, ಬೀರೂರು, ತರೀಕೆರೆ, ಶಿವಮೊಗ್ಗಗಳ ಮೂಲಕ ಹೊನ್ನಾವರಕ್ಕೆ ಸಾಗುವ ಹೆದ್ದಾರಿಯಲ್ಲಿ ಹಗಲಿರುಳೂ ಬಸ್ಸು ಲಾರಿಗಳ ಸಾಲು. ಇಂಥ ಸೀಮೆಯಲ್ಲಿ ಅಪಘಾತಕ್ಕೆ ಸಂಬಂಧಿಸಿದ ಕಾನೂನನ್ನು ಅರಿತಿರುವುದು ಪ್ರಥಮ ಚಿಕಿತ್ಸೆಯನ್ನು ಅರಿತಿರುವಷ್ಟೇ ಅವಶ್ಯಕವಾಗಿದೆ.

ಶಾಸನದ ಪೂರ್ವೇತಿಹಾಸ

ಮೊದಲಲ್ಲಿ ಗಾಯಾಳುವಿಗೆ ಇದ್ದುದು ಸಾಧಾರಣ ಸಿವಿಲ್ ನ್ಯಾಯಾಲಯದ ದಾರಿಯೊಂದೇ. ದಾವೆಯ ಶುಲ್ಕವನ್ನು ತೆತ್ತು ವರ್ಷಗಟ್ಟಲೆ ಕಾಯುವುದು ಬಡವನಿಗೆ ಅಸಾಧ್ಯವಾಗಿತ್ತು. 1939ರ ಮೋಟಾರು ವಾಹನ ಶಾಸನಕ್ಕೆ 1956ರಲ್ಲಿ ತಿದ್ದುಪಡಿಯಾಗಿ, ಅಪಘಾತ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳನ್ನು ಸ್ಥಾಪಿಸಲು ಅವಕಾಶವಾಯಿತು. 1982ರ ತಿದ್ದುಪಡಿಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಪ್ಪು ಯಾರದೆಂಬ ವಿಚಾರಣೆಯಿಲ್ಲದೆಯೇ ಮರಣಕ್ಕೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕೆಂದು ವಿಧಿಸಿತು. ಹಳೆಯ ಶಾಸನದ ಸ್ಥಾನದಲ್ಲಿ 1988ರ ಮೋಟಾರು ವಾಹನ ಶಾಸನವು 1989ರ ಜುಲೈ 1ರಿಂದ ಜಾರಿಗೆ ಬಂದಿತು. ಅದರ ಪರಿಹಾರಭಾಗವು 2019ರ ತಿದ್ದುಪಡಿಯಿಂದ ಬಹುಮಟ್ಟಿಗೆ ಮಾರ್ಪಟ್ಟು, ಆ ಮಾರ್ಪಾಟುಗಳು 2022ರ ಏಪ್ರಿಲ್ 1ರಿಂದ ಅನ್ವಯಿಸುತ್ತಿವೆ.

ಎರಡು ದಾರಿಗಳು

ಇಂದಿನ ಶಾಸನದಲ್ಲಿ ಗಾಯಾಳುವಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು 164ನೆಯ ಕಲಮಿನದು. ಇಲ್ಲಿ ಚಾಲಕನ ತಪ್ಪನ್ನು ಸಾಧಿಸಬೇಕಾಗಿಲ್ಲ. ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಗಳ ನಿಶ್ಚಿತ ಮೊತ್ತವನ್ನು ವಾಹನದ ಮಾಲೀಕನಾಗಲಿ ವಿಮಾ ಕಂಪನಿಯಾಗಲಿ ಕೊಡತಕ್ಕದ್ದು. ಎರಡನೆಯದು 166ನೆಯ ಕಲಮಿನದು. ಇಲ್ಲಿ ಚಾಲಕನ ಅಲಕ್ಷ್ಯವನ್ನು ತೋರಿಸಬೇಕು. ಆದರೆ ಮೊತ್ತಕ್ಕೆ ಮೇಲ್ಮಿತಿಯಿಲ್ಲ. ಆದ ನಷ್ಟವೆಷ್ಟೋ ಅದಕ್ಕೆ ತಕ್ಕ ನ್ಯಾಯೋಚಿತ ಪರಿಹಾರವನ್ನು ನ್ಯಾಯಮಂಡಳಿಯು ನಿರ್ಣಯಿಸುತ್ತದೆ.

ಇವೆರಡರ ನಡುವೆ ಒಂದು ಸೂಕ್ಷ್ಮವಿದೆ. ವಿಮಾ ಕಂಪನಿಯು ರಾಜಿಯ ಮೂಲಕ ನೀಡುವ 164ನೆಯ ಕಲಮಿನ ಮೊತ್ತವನ್ನು ಗಾಯಾಳುವು ಒಪ್ಪಿ ಸ್ವೀಕರಿಸಿದರೆ, ನ್ಯಾಯಮಂಡಳಿಯಲ್ಲಿ ಅವನ ಅರ್ಜಿಯು ಬಿದ್ದುಹೋಗುತ್ತದೆ. ತಿಂಗಳೊಳಗೆ ಗುಣವಾಗುವ ಗಾಯಕ್ಕೆ ಅದು ಲಾಭವೇ ಇರಬಹುದು. ಆದರೆ ಕಾಲನ್ನೇ ಕಳೆದುಕೊಂಡ ಯುವಕನು ಕೈಗೆ ಬಂದ ಹಣದ ಆಸೆಗೆ ರುಜು ಹಾಕಿದರೆ, ಜೀವಮಾನದ ಹಕ್ಕನ್ನು ಒಂದು ಕಾಗದಕ್ಕೆ ಮಾರಿದಂತಾಗುತ್ತದೆ.

ಖಾಸಗಿ ಬಸ್ಸಾದರೆ ಪರಿಹಾರವನ್ನು ಸಾಮಾನ್ಯವಾಗಿ ವಿಮಾ ಕಂಪನಿಯು ತೆರುತ್ತದೆ. ಸಾರಿಗೆ ನಿಗಮಗಳು ವಿಮೆಗೆ ಬದಲಾಗಿ ಸ್ವಂತ ನಿಧಿಯನ್ನಿಟ್ಟುಕೊಳ್ಳಲು ಶಾಸನದಲ್ಲಿ ಅವಕಾಶವಿದೆ. ಆಗ ನಿಗಮವೇ ನೇರವಾಗಿ ಹೊಣೆ. ಎರಡು ಬಸ್ಸುಗಳು ಪರಸ್ಪರ ಢಿಕ್ಕಿ ಹೊಡೆದಾಗ, ಯಾರ ತಪ್ಪು ಎಷ್ಟೆಂಬುದನ್ನು ಒಳಗೆ ಕುಳಿತಿದ್ದ ಪ್ರಯಾಣಿಕನು ಅಳೆಯಬೇಕಾಗಿಲ್ಲ. ಇಬ್ಬರಲ್ಲಿ ಯಾರಿಂದಲಾದರೂ ಪೂರ್ಣ ಪರಿಹಾರವನ್ನು ಪಡೆಯಬಹುದೆಂದು ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಹೇಳಿತ್ತು. 2015ರಲ್ಲಿ ಸುಪ್ರೀಂ ಕೋರ್ಟೂ ಅದೇ ತತ್ತ್ವವನ್ನು ಎತ್ತಿಹಿಡಿಯಿತು. ಚಾಲಕನ ಮೇಲಿನ ಕ್ರಿಮಿನಲ್ ಮೊಕದ್ದಮೆ ಬೇರೆ, ಪರಿಹಾರದ ಅರ್ಜಿ ಬೇರೆ. ಚಾಲಕನು ಕ್ರಿಮಿನಲ್ ನ್ಯಾಯಾಲಯದಲ್ಲಿ ಬಿಡುಗಡೆ ಹೊಂದಿದ ಮಾತ್ರಕ್ಕೆ ಗಾಯಾಳುವಿನ ಹಕ್ಕು ನಾಶವಾಗುವುದಿಲ್ಲ.

ದೈವಕೃತ್ಯವೆಂಬ ವಾದ

ಹಣೆಬರಹದ ಮಾತು ಹಳ್ಳಿಯ ಜಗಲಿಯಲ್ಲಿ ಮಾತ್ರವಲ್ಲ, ನ್ಯಾಯಾಲಯದಲ್ಲಿಯೂ ಕೇಳಿಬಂದಿದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲಿ ಪ್ರಯಾಣಿಸುತ್ತಿದ್ದ ಗಾರೆ ಕೆಲಸದವನೊಬ್ಬನು ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟುಬಿದ್ದು ಕೆಳಗಿನ ದೇಹದ ಸ್ವಾಧೀನವನ್ನು ಕಳೆದುಕೊಂಡನು. ಆ ಪ್ರಕರಣದಲ್ಲಿ ಅಪಘಾತವು 'ದೈವಕೃತ್ಯ'ವೆಂಬ ವಾದವು ಬಂದಿತು. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಮನುಷ್ಯನ ಕೈವಾಡವಿಲ್ಲದೆ ಸಿಡಿಲು ಬಿರುಗಾಳಿಗಳಂಥ ನಿಸರ್ಗಶಕ್ತಿಗಳಿಂದ ಆದುದು ಮಾತ್ರ ದೈವಕೃತ್ಯ. ಎಚ್ಚರದಿಂದ ತಪ್ಪಿಸಬಹುದಾದುದನ್ನು ದೇವರ ತಲೆಗೆ ಕಟ್ಟುವಂತಿಲ್ಲವೆಂಬುದು ಆ ತೀರ್ಪಿನ ತಾತ್ಪರ್ಯ. ಶಿವಭಕ್ತನಾದವನಿಗೂ ಈ ವಿವೇಚನೆಯು ಒಪ್ಪುವಂಥದೇ. ಚಾಲಕನ ಅವಸರವನ್ನು ಶಿವನ ಇಚ್ಛೆಯೆನ್ನುವುದು ಭಕ್ತಿಯಾಗಲಾರದು.

ಕಾಯಕದ ಅಳತೆ

ನ್ಯಾಯಮಂಡಳಿಯು ನಷ್ಟವನ್ನು ಅಳೆಯುವ ಬಗೆಯನ್ನು ನೋಡಿದರೆ, ಕಾಯಕತತ್ತ್ವದಲ್ಲಿ ಬೆಳೆದವರಿಗೆ ಅದು ಪರಿಚಿತವಾಗಿಯೇ ತೋರುತ್ತದೆ. ಚಿಕಿತ್ಸೆಯ ವೆಚ್ಚ, ಮಲಗಿದ್ದಾಗ ತಪ್ಪಿದ ಸಂಪಾದನೆ, ಶುಶ್ರೂಷೆಯ ಖರ್ಚು, ಮುಂದಿನ ಚಿಕಿತ್ಸೆ, ನೋವು, ಬಾಳಿನ ಸುಖದ ಹಾನಿ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಇವುಗಳಲ್ಲಿ ಮುಖ್ಯವಾದುದು ಮುಂದಿನ ಸಂಪಾದನೆಯ ನಷ್ಟ. ದೇಹದ ಎಷ್ಟು ಭಾಗ ಕೆಟ್ಟಿತೆಂಬುದಕ್ಕಿಂತ, ಆ ಕೇಡಿನಿಂದ ಅವನ ಕಾಯಕಕ್ಕೆ ಎಷ್ಟು ಹಾನಿಯಾಯಿತೆಂಬುದೇ ಇಲ್ಲಿ ಪ್ರಧಾನ. ಗುಮಾಸ್ತನ ಕಾಲು ಹೋದುದಕ್ಕೂ ತೆಂಗಿನ ಮರ ಹತ್ತುವವನ ಕಾಲು ಹೋದುದಕ್ಕೂ ವೈದ್ಯರ ಲೆಕ್ಕದಲ್ಲಿ ಭೇದವಿಲ್ಲದಿರಬಹುದು. ಕಾಯಕದ ಲೆಕ್ಕದಲ್ಲಿ ಅಜಗಜಾಂತರವಿದೆ.

ಇದಕ್ಕೆ ನಿದರ್ಶನವಾಗಿ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬನ ಪ್ರಕರಣವನ್ನು ನೋಡಬಹುದು. ಅವನಿಗೆ ಪೆಟ್ಟಾದುದು ಬಸ್ಸಿನಿಂದಲ್ಲ, ಟ್ರ್ಯಾಕ್ಟರಿನಿಂದ. ತತ್ತ್ವ ಮಾತ್ರ ಒಂದೇ. 2008ರ ಅಪಘಾತದಲ್ಲಿ, 24ನೆಯ ವಯಸ್ಸಿನಲ್ಲಿ, ಅವನು ಬಲಗಾಲನ್ನು ಕಳೆದುಕೊಂಡನು. ಆದಾಯಕ್ಕೆ ಅವನಲ್ಲಿ ದಾಖಲೆಯಿರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು, ಅಸಂಘಟಿತ ವಲಯದಲ್ಲಿ ದುಡಿಯುವವನಿಂದ ಸಂಪಾದನೆಯ ಕಾಗದಪತ್ರಗಳನ್ನು ನಿರೀಕ್ಷಿಸುವುದು ಸಲ್ಲದೆಂದು ಹೇಳಿ, ಅವನ ಮಾಸಿಕ ವರಮಾನವನ್ನು 6,500 ರೂಪಾಯಿಯೆಂದೂ ಕಾಯಕದ ಹಾನಿಯನ್ನು ಶೇಕಡ 85 ಎಂದೂ ಎಣಿಸಿತು. 'ರಸೀದಿಯಿಲ್ಲದ ಕೂಲಿಯವನಿಗೆ ಏನು ಸಿಕ್ಕೀತು?' ಎಂದು ಕೈಚೆಲ್ಲುವವರಿಗೆ ಈ ತೀರ್ಪು ಉತ್ತರವಾಗಿದೆ.

ಲೆಕ್ಕದ ಕ್ರಮವೂ ಕಠಿಣವಲ್ಲ. 2009ರ ಸರಳಾ ವರ್ಮಾ ಪ್ರಕರಣವು ವಯಸ್ಸಿಗೆ ತಕ್ಕ ಗುಣಕವನ್ನು ಗೊತ್ತುಪಡಿಸಿತು: 21ರಿಂದ 25ರವರೆಗೆ 18, 36ರಿಂದ 40ರವರೆಗೆ 15, 56ರಿಂದ 60ರವರೆಗೆ 9. 2017ರ ಪ್ರಣಯ್ ಸೇಠಿ ಪ್ರಕರಣದಂತೆ, 40ರೊಳಗಿನ ಸ್ವಂತ ಉದ್ಯೋಗದವನ ವರಮಾನಕ್ಕೆ ಭವಿಷ್ಯದ ಏಳಿಗೆಯೆಂದು ಶೇಕಡ 40 ಸೇರಿಸಲಾಗುತ್ತದೆ. ಉದಾಹರಣೆಗೆ, 38 ವರ್ಷದ ಬಡಗಿಯೊಬ್ಬನ ಮಾಸಿಕ ವರಮಾನ 12,000 ರೂಪಾಯಿ, ಕಾಯಕದ ಹಾನಿ ಶೇಕಡ 40 ಎಂದಿಟ್ಟುಕೊಳ್ಳೋಣ. ಏಳಿಗೆಯ ಅಂಶ ಸೇರಿ ತಿಂಗಳಿಗೆ 16,800, ವರ್ಷಕ್ಕೆ 2,01,600, ಅದರ ಶೇಕಡ 40 ಎಂದರೆ 80,640, ಅದನ್ನು 15ರಿಂದ ಗುಣಿಸಿದರೆ 12,09,600 ರೂಪಾಯಿ. ಚಿಕಿತ್ಸೆ, ನೋವು ಮೊದಲಾದವುಗಳ ಮೊತ್ತ ಇದಕ್ಕೆ ಹೊರತು. ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿಯನ್ನು ವಿಧಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ.

ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಿ ಸಂಪಾದನೆಯಿಲ್ಲವೆಂದು ಅಲ್ಪ ಮೊತ್ತವನ್ನು ಕೊಡುವ ರೂಢಿಯಿತ್ತು. ಕರ್ನಾಟಕದಿಂದಲೇ ಹೋದ ಬಾಲಕನೊಬ್ಬನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಅಂಗವೈಕಲ್ಯಕ್ಕೆ ಅದರ ಪ್ರಮಾಣಕ್ಕನುಸಾರವಾಗಿ ಲಕ್ಷಗಳ ಲೆಕ್ಕದ ಪರಿಹಾರವನ್ನು ಗೊತ್ತುಮಾಡಿತು. 2020ರಲ್ಲಿ ಮತ್ತೊಬ್ಬ ಬಾಲಕಿಯ ಪ್ರಕರಣದಲ್ಲಿ ಕುಶಲ ಕೆಲಸಗಾರನ ಕನಿಷ್ಠ ವೇತನವನ್ನೇ ಆಧಾರವಾಗಿ ಹಿಡಿಯಿತು. ಮಗುವಿನ ಪರವಾಗಿ ತಂದೆತಾಯಿಗಳು ಅಥವಾ ಪೋಷಕರು ಅರ್ಜಿ ಸಲ್ಲಿಸಬಹುದು.

ಸಹಾಯಧನವೂ ಪರಿಹಾರವೂ

2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನರು ಅಸುನೀಗಿದರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಮೃತರ ಕುಟುಂಬಗಳಿಗೆ ಸರ್ಕಾರವು ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಂಥ ಹಣವನ್ನು ಪಡೆದ ಬಳಿಕ ನ್ಯಾಯಾಲಯಕ್ಕೆ ಹೋಗಬಾರದೆಂದು ಹಲವರು ಭಾವಿಸುವುದುಂಟು. ಅದು ತಪ್ಪು ಕಲ್ಪನೆ. ಸರ್ಕಾರವು ಕೊಡುವುದು ಅನುಕಂಪದ ಸಹಾಯಧನ. ಬಸ್ಸಿನ ಮಾಲೀಕನೂ ವಿಮಾ ಕಂಪನಿಯೂ ಕೊಡಬೇಕಾದುದು ಹಕ್ಕಿನ ಪರಿಹಾರ. ಟಿಕೆಟ್ಟಿನೊಡನೆ ವಸೂಲು ಮಾಡುವ ವಂತಿಗೆಯಿಂದ ಸಾರಿಗೆ ನಿಗಮವು ಒಂದು ಅಪಘಾತ ಪರಿಹಾರ ನಿಧಿಯನ್ನೂ ನಡೆಸುತ್ತದೆ. ಮೃತ ಪ್ರಯಾಣಿಕನ ಕುಟುಂಬಕ್ಕೆ ಅದರಿಂದ ಸಲ್ಲುವ ಮೊತ್ತವು 2024ರ ಜನವರಿ 1ರಿಂದ 3 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿದೆ.

ಕಾಲವೂ ಕಾಗದವೂ

ಹಕ್ಕು ಎಷ್ಟು ಬಲವಾಗಿದ್ದರೂ ಕಾಲವನ್ನು ಮೀರಿದರೆ ಕುಂದುತ್ತದೆ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿಯನ್ನು ಸಲ್ಲಿಸತಕ್ಕದ್ದೆಂದು ಇಂದಿನ ಶಾಸನವು ಹೇಳುತ್ತದೆ. ಈ ಮಿತಿಯ ಸಿಂಧುತ್ವವು ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನಿತವಾಗಿ, ಕಾಲಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡದಂತೆ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಆದರೂ ಅದನ್ನು ನೆಚ್ಚಿ ತಡಮಾಡುವುದು ವಿವೇಕವಲ್ಲ. ಅಪಘಾತವಾದ ಸ್ಥಳದಲ್ಲಿಯೇ ಅರ್ಜಿ ಹಾಕಬೇಕೆಂಬ ನಿರ್ಬಂಧವಿಲ್ಲ. ಗಾಯಾಳು ವಾಸಿಸುವ ಸ್ಥಳದ ನ್ಯಾಯಮಂಡಳಿಯೂ ಅದನ್ನು ಸ್ವೀಕರಿಸುತ್ತದೆ. ಬೆಂಗಳೂರಿನ ದಾರಿಯಲ್ಲಿ ಗಾಯಗೊಂಡ ಹಿರೇನಲ್ಲೂರಿನವನು ಕಡೂರಿನಲ್ಲಿಯೇ ನ್ಯಾಯವನ್ನು ಕೇಳಬಹುದು.

ಕಾಗದಗಳ ವಿಷಯದಲ್ಲಿ ಹಳ್ಳಿಯವರ ಉದಾಸೀನವೇ ಅವರಿಗೆ ಮೊದಲ ಶತ್ರು. ಬಸ್ಸಿನ ಟಿಕೆಟ್ಟು, ಪೊಲೀಸರ ಪ್ರಥಮ ವರ್ತಮಾನ ವರದಿಯ ಪ್ರತಿ, ಸ್ಥಳದ ಮಹಜರು, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಚೀಟಿ, ಔಷಧಿಯ ಬಿಲ್ಲುಗಳು, ಕ್ಷಕಿರಣ ಚಿತ್ರಗಳು, ವಯಸ್ಸಿನ ದಾಖಲೆ ಇಷ್ಟನ್ನೂ ಒಂದು ಚೀಲದಲ್ಲಿ ಜೋಪಾನವಾಗಿಡಬೇಕು. ಗಾಯ ಸಣ್ಣದೆಂದು ಪೊಲೀಸರಿಗೆ ತಿಳಿಸದೆ ಮನೆಗೆ ಹೋಗಿ, ವಾರದ ಬಳಿಕ ನೋವು ಹೆಚ್ಚಾದಾಗ ದೂರು ಕೊಟ್ಟರೆ ಸಂದೇಹಕ್ಕೆ ಎಡೆಯಾಗುತ್ತದೆ. ಪೊಲೀಸರು ನ್ಯಾಯಮಂಡಳಿಗೆ ಅಪಘಾತದ ವರದಿಯನ್ನು ಕಳುಹಿಸಬೇಕೆಂದೂ, ಅದನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಬೇಕೆಂದೂ ಶಾಸನವಿದೆ; ಆದರೂ ಸ್ವಂತ ಅರ್ಜಿಯನ್ನು ಸಲ್ಲಿಸುವುದೇ ಕ್ಷೇಮ.

ಚಿಕಿತ್ಸೆಗೆ ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನಗಳಲ್ಲಿ 1.5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆಯು ಗೊತ್ತಾದ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ವಕೀಲರಿಗೆ ಕೊಡಲು ಶಕ್ತಿಯಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಶಾಸನದಂತೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವುಂಟು. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು ವರಮಾನದ ಮಿತಿಯಿಲ್ಲದೆ ಅದಕ್ಕೆ ಅರ್ಹರು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣವು ಬೇಗ ಬರುತ್ತದೆ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲವೆಂಬುದನ್ನು ಮರೆಯಬಾರದು. ನ್ಯಾಯಮಂಡಳಿಯ ತೀರ್ಪು ತೃಪ್ತಿಕರವಲ್ಲದಿದ್ದರೆ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ಮೊತ್ತವು ಒಂದು ಲಕ್ಷ ರೂಪಾಯಿಗಿಂತ ಕಡಿಮೆಯಿರಬಾರದು.

ವಿದ್ಯಾವಂತರ ಹೊಣೆ

ಅಪಘಾತವಾದ ದಿನ ಗಾಯಾಳುವು ಪ್ರಜ್ಞೆತಪ್ಪಿ ಮಲಗಿರುತ್ತಾನೆ. ಮನೆಯವರು ದಿಕ್ಕುತೋಚದೆ ನಿಂತಿರುತ್ತಾರೆ. ಆ ಹೊತ್ತಿನಲ್ಲಿಯೇ ಯಾರೋ ಒಬ್ಬರು ಬಂದು, 'ಕೋರ್ಟು ಕಚೇರಿ ಏಕೆ? ಇಷ್ಟು ತೆಗೆದುಕೊಂಡು ಮುಗಿಸಿಬಿಡಿ' ಎನ್ನುತ್ತಾರೆ. ಆಗ ಪಕ್ಕದಲ್ಲಿ ನಿಂತು ಕಾಗದವನ್ನು ಓದಿ ಹೇಳುವ ಒಬ್ಬ ಅಕ್ಷರಸ್ಥನಿದ್ದರೆ ಒಂದು ಕುಟುಂಬವು ಉಳಿಯುತ್ತದೆ. ಆ ಅಕ್ಷರಸ್ಥನು ಊರಿನ ಉಪಾಧ್ಯಾಯನಿರಬಹುದು, ಶಾಲೆಯ ಹಳೆಯ ವಿದ್ಯಾರ್ಥಿಯಿರಬಹುದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರು ಸಾಕ್ಷಿಯಾಗಲು ಬಲಾತ್ಕರಿಸುವಂತಿಲ್ಲವೆಂದು 2019ರ ತಿದ್ದುಪಡಿಯ ಮೇರೆಗೆ ರಚಿತವಾದ ನಿಯಮಗಳು ಅಭಯವನ್ನಿತ್ತಿವೆ. ಆದ್ದರಿಂದ ನೆರವಿಗೆ ಹೆದರಬೇಕಾಗಿಲ್ಲ.

ಶ್ರೀಮಠವು ಅಕ್ಷರದಾಸೋಹವನ್ನು ನಡೆಸುವುದು ಅಕ್ಷರವು ಹೊತ್ತಿಗೆಯಲ್ಲಿಯೇ ಉಳಿಯಲೆಂದಲ್ಲ. ಕಾಯಕದಿಂದ ಬದುಕುವವನ ಕಾಯವು ಮುರಿದಾಗ ಅವನು ಕೇಳುವುದು ಭಿಕ್ಷೆಯಲ್ಲ, ಕಳೆದುಹೋದ ಕಾಯಕದ ಬೆಲೆ. ಅದನ್ನು ಪಡೆಯಲು ನೆರವಾಗುವುದೂ ದಾಸೋಹವೇ. ಇನ್ನು ಮುಂದೆ ಊರಿನ ಜಗಲಿಯಲ್ಲಿ 'ಅಕಸ್ಮಾತ್ ಆಗಿಹೋಯಿತು' ಎಂಬ ಮಾತು ಬಂದಾಗ, 'ಕಸ್ಮಾತ್?' ಎಂದು ಕೇಳುವವರು ಒಬ್ಬರಾದರೂ ಇರಲಿ.