ಪ್ರಾಂಗ್‌ಹಾರ್ನ್ ಬೇಟೆ: ಬಯಲಿನಿಂದ ಬಾಣಲೆಗೆ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಪ್ರಾಂಗ್‌ಹಾರ್ನ್ ಎಂಬ ಬಯಲು ಪ್ರಾಣಿಯ ಮಾಂಸದ ಮಾತೆತ್ತಿದರೆ ಜನ ಎರಡು ಪಕ್ಷವಾಗುತ್ತಾರೆ. ‘ಅಯ್ಯೋ, ವಾಸನೆ, ಬಾಯಿಗಿಡೋಕ್ಕಾಗಲ್ಲ’ ಎನ್ನುವವರು ಒಂದು ಕಡೆ. ಕಾಡುಮಾಂಸದಲ್ಲಿ ಇದನ್ನು ಮೀರಿಸಿದ್ದು ಇಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪ್ರಾಣಿ ಒಂದೇ, ಬಯಲೂ ಒಂದೇ, ತಟ್ಟೆಗೆ ಬರುವ ರುಚಿ ಮಾತ್ರ ಎರಡು. ಹೀಗೇಕೆ ಎಂಬುದು ತಿಳಿದರೆ ಈ ಬೇಟೆಯ ಮುಕ್ಕಾಲು ಪಾಲು ತಿಳಿದಂತೆ. ಉದಾಹರಣೆಗೆ ಒಂದು ಜೋಡಿಯನ್ನು ಇಟ್ಟುಕೊಳ್ಳೋಣ: ವಯೋಮಿಂಗ್‌ನ ಕ್ಯಾಸ್ಪರ್ ಪಟ್ಟಣದಲ್ಲಿರುವ ಗಂಡ ಹೆಂಡತಿ, ಇಬ್ಬರೂ ಬೇಟೆಗೆ ಹೊಸಬರು. ಅವರ ಜೊತೆ ನಾವೂ ಹೊರಡೋಣ.

ಹೊರಡುವ ಮೊದಲು ಒಂದು ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೃಷ್ಣಮೃಗ, ಕಡವೆಗಳನ್ನು ಹೊಡೆಯುವುದು ಜೈಲು ಸೇರುವ ಅಪರಾಧ. ವಯೋಮಿಂಗ್‌ನಲ್ಲಿ ಪ್ರಾಂಗ್‌ಹಾರ್ನ್ ಬೇಟೆ ಸರ್ಕಾರವೇ ಹಿಂಡು ಎಣಿಸಿ, ಲೈಸೆನ್ಸ್ ಹಂಚಿ ನಡೆಸುವ ವಾರ್ಷಿಕ ಕೆಲಸ. ಎರಡು ದೇಶ, ಎರಡು ಕಾನೂನು. ಅಲ್ಲಿಯದನ್ನು ಇಲ್ಲಿಗೆ ಎಳೆದು ತರಬೇಡಿ.

ಪ್ರಾಂಗ್‌ಹಾರ್ನ್ ನೋಡಲು ಜಿಂಕೆಯ ಹಾಗಿದೆ, ಅಲ್ಲಿನ ಜನ ಆಂಟಿಲೋಪ್ ಎಂದು ಕರೆಯುತ್ತಾರೆ. ವಂಶಾವಳಿ ತೆಗೆದು ನೋಡಿದರೆ ಎರಡೂ ಅಲ್ಲ. ತನ್ನ ಕುಟುಂಬದಲ್ಲಿ ಉಳಿದಿರುವುದು ಅದೊಂದೇ. ಇವತ್ತು ಬದುಕಿರುವ ಹತ್ತಿರದ ನೆಂಟರೆಂದರೆ ಆಫ್ರಿಕಾದ ಜಿರಾಫೆ ಮತ್ತು ಒಕಾಪಿ. ಕೊಂಬಿನ ಒಳಗೆ ಎಲುಬು, ಹೊರಗೆ ಕವಲೊಡೆದ ಕೊಂಬಿನ ಕವಚ. ಆ ಕವಚವನ್ನು ಪ್ರತಿವರ್ಷ ಕಳಚಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಬೆಳೆದ ಗಂಡು 45ರಿಂದ 60 ಕಿಲೋ ತೂಗಬಹುದು. ಓಟದಲ್ಲಿ ಗಂಟೆಗೆ 85 ಕಿಲೋಮೀಟರ್ ದಾಟುತ್ತದೆ. ಅಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ, ಅದಕ್ಕಿಂತ ಕಡಿಮೆ ವೇಗದಲ್ಲಿ ಮೈಲಿಗಟ್ಟಲೆ ಓಡುತ್ತಲೇ ಇರುತ್ತದೆ. ಇವತ್ತು ಅಮೆರಿಕದಲ್ಲಿ ಅದನ್ನು ಅಟ್ಟಿಸಿಕೊಂಡು ಹಿಡಿಯಬಲ್ಲ ಮೃಗವೇ ಇಲ್ಲ. ಹಾಗಾದರೆ ಇಷ್ಟು ಓಟ ಯಾರಿಗೆ ಹೆದರಿ? ಐಡಾಹೊ ವಿಶ್ವವಿದ್ಯಾಲಯದ ಜಾನ್ ಬೈಯರ್ಸ್ 1997ರ ತಮ್ಮ ಪುಸ್ತಕದಲ್ಲಿ ಒಂದು ಉತ್ತರ ಕೊಟ್ಟರು: ಹಿಮಯುಗದ ಕೊನೆಗೆ ಅಳಿದುಹೋದ ಅಮೆರಿಕದ ಚೀತಾದಂಥ ಬೇಟೆಗಾರ ಮೃಗಗಳಿಗೆ. ಅಟ್ಟುವವರು ಹೋದರು, ಓಟ ಉಳಿಯಿತು. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗಗಳದೂ ಇದೇ ಪಾಡು. ಆ ಬಯಲಿನಲ್ಲಿ ಈಗ ಚೀತಾ ಇಲ್ಲ, ಕಾಲುಗಳಿಗೆ ಅದು ಇನ್ನೂ ಗೊತ್ತಾದಂತಿಲ್ಲ.

ಇಷ್ಟು ಓಡಬಲ್ಲ ಪ್ರಾಣಿಗೆ ಬೇಲಿ ಹಾರಲು ಮಾತ್ರ ಮನಸ್ಸಿಲ್ಲ. ತಂತಿಯ ಕೆಳಗೆ ನುಸುಳಿಯೇ ಹೋಗಬೇಕು. ಹಾಗಾಗಿಯೇ ಅಲ್ಲಿನ ಕೆಲವು ರೈತರು ಬೇಲಿಯ ತಳದ ಮುಳ್ಳುತಂತಿ ತೆಗೆದು, ನುಣುಪು ತಂತಿಯನ್ನು ತುಸು ಎತ್ತರಕ್ಕೆ ಕಟ್ಟುತ್ತಾರೆ.

ಒಂದು ಕಾಲದಲ್ಲಿ ಕೋಟಿಗಟ್ಟಲೆ ಇದ್ದವೆಂದು ಅಂದಾಜಿಸುವ ಈ ಪ್ರಾಣಿ, ಲಂಗುಲಗಾಮಿಲ್ಲದ ಬೇಟೆ ಮತ್ತು ಬೇಲಿಗಳ ದೆಸೆಯಿಂದ 1920ರ ದಶಕದ ಹೊತ್ತಿಗೆ ಬರೀ ಹತ್ತಾರು ಸಾವಿರಕ್ಕೆ ಇಳಿದಿತ್ತು. ಬೇಟೆ ನಿಲ್ಲಿಸಿದರು, ಆಮೇಲೆ ಅಳತೆಯಿಟ್ಟು ಬಿಟ್ಟರು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಿಂದ ಬಂದೂಕು, ಗುಂಡುಗಳ ಮೇಲಿನ ತೆರಿಗೆ ವನ್ಯಜೀವಿಗಳ ಖರ್ಚಿಗೆ ಹೋಗತೊಡಗಿತು. ಈಗ ಲಕ್ಷಗಟ್ಟಲೆ ಇವೆ, ವಯೋಮಿಂಗ್‌ನಲ್ಲೇ ಅತಿ ಹೆಚ್ಚು. ಆದರೂ 2022–23ರ ಚಳಿಗಾಲದಂಥದ್ದು ಬಂದರೆ ಲೆಕ್ಕ ತಲೆಕೆಳಗು: ಪಶ್ಚಿಮ ವಯೋಮಿಂಗ್‌ನಲ್ಲಿ ಹಿಮದ ಅಡಿ ಮೇವು ಸಿಗದೆ, ಜೊತೆಗೆ ನ್ಯುಮೋನಿಯಾ ತಗುಲಿ ಹಿಂಡುಗಳೇ ಕರಗಿದವು. ಆ ಚಳಿಗಾಲದ ಬೆನ್ನಿಗೇ ರಾಜ್ಯದ ವನ್ಯಜೀವಿ ಇಲಾಖೆ ಸಾವಿರಾರು ಲೈಸೆನ್ಸ್ ಕಡಿತ ಮಾಡಿತು. ಅಳತೆಯ ಬೇಟೆ ಎಂದರೆ ಇದೇ. ನನಗೆ ಅದರಲ್ಲಿ ನಂಬಿಕೆಯಿದೆ. ಇಲ್ಲದವರೂ ಇದ್ದಾರೆ, ಅವರ ವಾದ ತಳ್ಳಿಹಾಕುವಂಥದ್ದಲ್ಲ.

ಈಗ ನಮ್ಮ ಜೋಡಿಯ ವಿಷಯ. 1966ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ವಯೋಮಿಂಗ್‌ನಲ್ಲಿ ಬೇಟೆಯ ಸುರಕ್ಷತಾ ತರಬೇತಿ ಮುಗಿಸಿರಬೇಕು. ಲೈಸೆನ್ಸ್ ಲಾಟರಿಯಲ್ಲಿ ಬರುತ್ತದೆ. ಇಬ್ಬರೂ ಒಂದೇ ಗುಂಪಾಗಿ ಅರ್ಜಿ ಹಾಕಬಹುದು, ಆಗ ಸಿಕ್ಕರೆ ಇಬ್ಬರಿಗೂ ಸಿಗುತ್ತದೆ. ಇವರು ಹೆಣ್ಣು–ಮರಿಯ ಲೈಸೆನ್ಸ್ ಕೇಳಲಿ ಎಂಬುದು ನನ್ನ ಸಲಹೆ. ಶುಲ್ಕ ಕಡಿಮೆ, ಕೊಂಬಿನ ಗೀಳು ಇಲ್ಲ, ಊಟಕ್ಕೆ ಏನೂ ಕೊರತೆಯಿಲ್ಲ. ಒಂದು ಎಚ್ಚರಿಕೆ ಬೇಕು: ಹೆಣ್ಣಿಗೂ ಚಿಕ್ಕ ಕೊಂಬು ಇರುವುದುಂಟು, ಹಾಗಾಗಿ ಕೊಂಬು ನೋಡಿ ತೀರ್ಮಾನಿಸಬಾರದು. ದವಡೆಯ ಕೆಳಗೆ ಕಪ್ಪು ಮಚ್ಚೆ ಇದ್ದರೆ ಗಂಡು.

ಒಬ್ಬರ ಲೈಸೆನ್ಸಿನಲ್ಲಿ ಇನ್ನೊಬ್ಬರು ಹೊಡೆಯುವಂತಿಲ್ಲ, ಗಂಡ ಹೆಂಡತಿಯಾದರೂ ಸರಿ. ಮೈಮೇಲೆ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಇರಬೇಕು; ಇದು ಪ್ರಾಣಿಗಲ್ಲ, ಬೇರೆ ಬೇಟೆಗಾರರ ಕಣ್ಣಿಗೆ. ಹೊಲ, ಹುಲ್ಲುಗಾವಲು ಯಾರದೆಂದು ಮೊದಲೇ ನೋಡಿಕೊಳ್ಳಬೇಕು. ಸರ್ಕಾರಿ ಭೂಮಿಯೂ ದನ ಸಾಕುವ ಖಾಸಗಿ ರ‍್ಯಾಂಚೂ ಅಲ್ಲಿ ಚದುರಂಗದ ಮನೆಗಳಂತೆ ಬೆರೆತಿವೆ, ಖಾಸಗಿಯವರ ಒಪ್ಪಿಗೆಯಿಲ್ಲದೆ ಕಾಲಿಡುವಂತಿಲ್ಲ. ಅಮೆರಿಕದಲ್ಲಿ ಎಚ್‌–1ಬಿ, ವಿದ್ಯಾರ್ಥಿ ವೀಸಾಗಳಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು: ಅಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಕೇಂದ್ರ ಕಾನೂನಿನ ತಡೆಯಿದೆ, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯೂ ಇದೆ. ಗೆಳೆಯರ ಬಂದೂಕು ಮುಟ್ಟುವ ಮೊದಲೇ ವಕೀಲರನ್ನು ಕೇಳಿ.

ಸೆಪ್ಟೆಂಬರ್ ಕೊನೆ. ಕ್ಯಾಸ್ಪರ್ ಊರು ದಾಟಿದರೆ ಸೇಜ್‌ಬ್ರಷ್ ಎಂಬ ಬೂದುಬಣ್ಣದ ಕುರುಚಲು ಗಿಡ, ದೂರಕ್ಕೆ ದಿಬ್ಬ, ಮೇಲೆ ಆಕಾಶ, ನಿಲ್ಲದ ಗಾಳಿ. ಮರ ಎಂಬುದಿಲ್ಲ. ಪ್ರಾಂಗ್‌ಹಾರ್ನ್‌ನ ಭಾರೀ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಮೇಯುತ್ತಲೇ ಹೆಚ್ಚುಕಡಿಮೆ ಸುತ್ತಲೂ ನೋಡುತ್ತದೆ. ನೀವು ಅದನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ಆದ್ದರಿಂದ ನೇರ ನಡೆದು ಹೋಗುವ ಮಾತೇ ಇಲ್ಲ. ದಿಬ್ಬದ ಮರೆಯಲ್ಲಿ ಸುತ್ತಿ, ಗಾಳಿ ಎದುರಿಗಿರುವಂತೆ ನೋಡಿಕೊಂಡು, ಕೊನೆಯ ನೂರಿನ್ನೂರು ಮೀಟರ್ ತೆವಳಬೇಕು. ನೆಲದಲ್ಲಿ ಪಾಪಾಸುಕಳ್ಳಿ ಜಾತಿಯ ಗಿಡಗಳು ಹರಡಿವೆ. ದಪ್ಪ ಕೈಗವಸು, ಮೊಣಕಾಲಿಗೆ ಪ್ಯಾಡ್ ಇಲ್ಲದೆ ಹೋದವರು ಸಂಜೆಯೆಲ್ಲ ಮುಳ್ಳು ಕೀಳುತ್ತ ಕೂರುತ್ತಾರೆ.

ಇಬ್ಬರಿರುವುದು ಉಪಯೋಗಕ್ಕೆ ಬರುವುದು ಇಲ್ಲಿಂದ. ಈ ಸಲ ಹೆಂಡತಿಯ ಸರದಿ ಎನ್ನಿ. ಆಕೆ ಬಂದೂಕನ್ನು ಆಸರೆಯ ಮೇಲಿಟ್ಟು ಮಲಗಿದ್ದಾಳೆ. ಗಂಡ ಪಕ್ಕದಲ್ಲಿ ದುರ್ಬೀನು ಹಿಡಿದು, ದೂರಮಾಪಕದಲ್ಲಿ ಅಳೆದು ಪಿಸುಗುಡುತ್ತಾನೆ: ಎಷ್ಟು ದೂರ, ಗಾಳಿ ಯಾವ ಕಡೆ, ಹಿಂದೆ ಇನ್ನೊಂದು ಪ್ರಾಣಿ ನಿಂತಿದೆಯೇ. ಬಂದೂಕಿನ ಸ್ಕೋಪಿನಲ್ಲಿ ಕಾಣುವುದು ಚಿಕ್ಕ ವೃತ್ತ ಮಾತ್ರ, ಹಿಂಡಿನಲ್ಲಿ ಯಾವುದು ಯಾವುದರ ಹಿಂದಿದೆ ಎಂಬುದು ತಿಳಿಯುವುದು ಪಕ್ಕದ ಕಣ್ಣಿಗೆ. ಗುರಿ ಮುಂಗಾಲಿನ ಹಿಂದೆ, ಎದೆಯ ಗೂಡು. ಗುಂಡು ಹೃದಯ, ಶ್ವಾಸಕೋಶ ಹೊಕ್ಕರೆ ಪ್ರಾಣಿ ಕೆಲವೇ ಕ್ಷಣದಲ್ಲಿ ಬೀಳುತ್ತದೆ. ಓಡುತ್ತಿದ್ದರೆ ಹೊಡೆಯಬಾರದು. ‘ಬೇಡ, ಬಿಡು’ ಎಂದು ಹೇಳಲು ಒಬ್ಬರಿರುವುದು ಹೊಸಬರಿಗೆ ಬಂದೂಕಿಗಿಂತ ದೊಡ್ಡ ಸಲಕರಣೆ.

ಓಡುವುದನ್ನು ಬಿಡಬೇಕು ಎನ್ನುವುದಕ್ಕೆ ದಯೆಯಷ್ಟೇ ಕಾರಣವಲ್ಲ, ರುಚಿಯೂ ಕಾರಣ. ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿರುತ್ತದೆ. ಪ್ರಾಣಿ ಶಾಂತವಾಗಿದ್ದಾಗ ಸತ್ತರೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾಂಸ ತುಸು ಹುಳಿಯ ಕಡೆಗೆ ವಾಲುತ್ತದೆ. ಬಣ್ಣ, ಹದ ಚೆನ್ನಾಗಿರುತ್ತದೆ, ಬೇಗ ಕೆಡುವುದಿಲ್ಲ. ಗಾಯಗೊಂಡು ಅಥವಾ ಬೆದರಿ ಮೈಲಿಗಟ್ಟಲೆ ಓಡಿದ್ದರೆ ದಾಸ್ತಾನು ಆಗಲೇ ಖಾಲಿ. ಆಮ್ಲ ಹುಟ್ಟುವುದಿಲ್ಲ, ಮಾಂಸ ಕಪ್ಪಾಗಿ ಅಂಟಂಟಾಗುತ್ತದೆ, ಬ್ಯಾಕ್ಟೀರಿಯಾಗಳಿಗೆ ಹಬ್ಬ. ‘ವಾಸನೆ’ ಪಕ್ಷದವರು ತಿಂದದ್ದರಲ್ಲಿ ಒಂದು ಪಾಲು ಇಂಥದ್ದೇ ಇರಬೇಕು.

ಇನ್ನೊಂದು ಪಾಲು ಶಾಖದ್ದು. ಪ್ರಾಂಗ್‌ಹಾರ್ನ್‌ನ ಒಂದೊಂದು ಕೂದಲಿನಲ್ಲೂ ಗಾಳಿಗೂಡುಗಳಿವೆ. ಸೊನ್ನೆಯ ಕೆಳಗಿನ ಚಳಿಗೆಂದು ನೇಯ್ದ ಕಂಬಳಿ ಅದು. ಜೀವ ಹೋದ ಮೇಲೂ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಸೆಪ್ಟೆಂಬರ್ ಮಧ್ಯಾಹ್ನ ವಯೋಮಿಂಗ್‌ನಲ್ಲಿ 25 ಡಿಗ್ರಿ ದಾಟುವುದು ಸಾಮಾನ್ಯ. ಹೊಡೆದದ್ದನ್ನು ಪಿಕಪ್ ಗಾಡಿಯ ಹಿಂದೆ ಹಾಕಿಕೊಂಡು, ಊರೆಲ್ಲ ಸುತ್ತಿ ತೋರಿಸಿ, ಸಂಜೆ ಚರ್ಮ ಸುಲಿದರೆ ಮಾಂಸ ಒಳಗೇ ಕೆಡತೊಡಗಿರುತ್ತದೆ. ಆಮೇಲೆ ಬೈಸಿಕೊಳ್ಳುವುದು ಪಾಪ ಸೇಜ್‌ಬ್ರಷ್: ‘ಅದನ್ನು ತಿಂದು ಹೀಗೆ ನಾರುತ್ತದೆ’ ಎಂದು. ಮೇವಿನ ಪಾತ್ರ ಇಲ್ಲವೆನ್ನುವುದಿಲ್ಲ, ಆದರೆ ಅದೇ ಬಯಲಿನ ಪ್ರಾಣಿಯನ್ನು ಬೇಗ ತಣಿಸಿದವರ ಮನೆಯಲ್ಲಿ ಆ ದೂರು ಅಪರೂಪ.

ಹಾಗಾಗಿ ಪ್ರಾಣಿ ಬಿದ್ದ ಮೇಲೆ ಫೋಟೋಗೆ ಒಂದೆರಡು ನಿಮಿಷ ಸಾಕು. ಮೊದಲು ಲೈಸೆನ್ಸಿನ ಚೀಟಿಗೆ ದಿನಾಂಕ ಗುರುತಿಸಿ, ಸಹಿ ಹಾಕಿ ಸಿದ್ಧಮಾಡಬೇಕು, ಇದು ಕಾನೂನು. ಆಮೇಲೆ ಹೊಟ್ಟೆ ಸೀಳಿ ಕರುಳು, ಜಠರ ತೆಗೆಯಬೇಕು, ಮೂತ್ರಕೋಶ ಒಡೆಯಕೂಡದು. ಕೂಡಲೇ ಚರ್ಮ. ಒಬ್ಬರು ಕಾಲು ಎಳೆದು ಹಿಡಿದರೆ ಇನ್ನೊಬ್ಬರು ಚಾಕು ಆಡಿಸಬಹುದು. ಒಬ್ಬರೇ ಆದರೆ ಕಾಲನ್ನು ಭುಜಕ್ಕೆ ಆನಿಸಿಕೊಂಡು ಸರ್ಕಸ್ಸು ಮಾಡಬೇಕು. ಪ್ರಾಂಗ್‌ಹಾರ್ನ್ ಕೂದಲು ಸುಲಭವಾಗಿ ಮುರಿದು ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಪೃಷ್ಠದ ಬಳಿ ಬೆದರಿದಾಗ ವಾಸನೆ ಬಿಡುವ ಗ್ರಂಥಿಗಳೂ ಇವೆ. ಚರ್ಮ ಮುಟ್ಟಿದ ಕೈ ಮಾಂಸ ಮುಟ್ಟಬಾರದು. ಇದಕ್ಕೂ ಇಬ್ಬರಿದ್ದರೆ ಅನುಕೂಲ: ಒಬ್ಬರದು ಚರ್ಮದ ಕೈ, ಇನ್ನೊಬ್ಬರದು ಮಾಂಸದ ಕೈ.

ನಾಲ್ಕು ಕಾಲು, ಬೆನ್ನುಮೂಳೆಯ ಎರಡು ಬದಿಯ ಉದ್ದನೆಯ ಬೆನ್ನುಮಾಂಸ, ಒಳಗಿನ ಎಳೆ ಸೊಂಟದ ಮಾಂಸ ಬಿಡಿಸಿ ಹತ್ತಿಬಟ್ಟೆಯ ಚೀಲಗಳಲ್ಲಿ ಹಾಕಿ, ಗಾಡಿಯಲ್ಲಿ ಕಾಯುತ್ತಿರುವ ಐಸ್‌ಪೆಟ್ಟಿಗೆಗೆ ಇಡಬೇಕು. ಕರಗಿದ ನೀರಿನಲ್ಲಿ ಮಾಂಸ ನೆನೆಯದಿರಲಿ. ತಿನ್ನಬಹುದಾದ ಮಾಂಸ ಬಿಟ್ಟು ಬರುವುದು ವಯೋಮಿಂಗ್‌ನಲ್ಲಿ ಅಪರಾಧ. ಗುಂಡು ತಗುಲಿ ರಕ್ತ ಹೆಪ್ಪುಗಟ್ಟಿದ ಜಾಗವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ; ಸೀಸದ ಗುಂಡಾದರೆ ಕಣ್ಣಿಗೆ ಕಾಣದ ಚೂರುಗಳು ಸುತ್ತ ಸಿಡಿದಿರುತ್ತವೆ. ಹಲವರು ಈಗ ತಾಮ್ರದ ಗುಂಡಿಗೆ ಬದಲಾಗಿರುವುದು ಇದಕ್ಕೇ.

ಎಲುಬು ಬಿಡಿಸಿದರೆ ಒಂದು ಪ್ರಾಣಿಯಿಂದ ಅಂದಾಜು 15 ಕಿಲೋ ಮಾಂಸ, ಹೆಣ್ಣಾದರೆ ತುಸು ಕಡಿಮೆ. ಕುರಿಮಾಂಸದ ಕೊಬ್ಬು ಇದರಲ್ಲಿ ಇಲ್ಲ, ಅಡುಗೆಯ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಬೆನ್ನುಮಾಂಸದ ಮೇಲಿನ ಬೆಳ್ಳಿಬಣ್ಣದ ಪೊರೆ ತೆಗೆದು, ಎರಡು ಬೆರಳು ದಪ್ಪಕ್ಕೆ ಕೊಯ್ದು, ಉಪ್ಪು ಮೆಣಸು ಸವರಿ, ಹೊಗೆಯಾಡುವಷ್ಟು ಕಾದ ಕಬ್ಬಿಣದ ಬಾಣಲೆಯಲ್ಲಿ ಬೆಣ್ಣೆ ಹಾಕಿ ಎರಡು ಬದಿ ಕೆಂಪಗೆ ಮಾಡಿ ಇಳಿಸುತ್ತಾರೆ. ಒಳಗೆ ಗುಲಾಬಿ ಬಣ್ಣ ಉಳಿದಿರುತ್ತದೆ. ಇನ್ನೂ ಐದು ನಿಮಿಷ ಬಿಟ್ಟರೆ ಒಣಗಿ ಗಟ್ಟಿಯಾಗುತ್ತದೆ, ಈಲಿಯ ವಾಸನೆ ಏಳುತ್ತದೆ. ನಮ್ಮವರು ಎಡವುವುದು ಇಲ್ಲೇ: ಮಾಂಸವೆಂದರೆ ಚೆನ್ನಾಗಿ ಬೇಯಲೇಬೇಕು ಎಂಬುದು ನಮ್ಮ ಅಡುಗೆಮನೆಯ ಪಾಠ. ಹಾಗೆ ಬೇಯಿಸಲೇಬೇಕಾದವರು ಬೆನ್ನುಮಾಂಸ ಬಿಟ್ಟು ಮೊಣಕಾಲಿನ ಕೆಳಗಿನ ನರಭರಿತ ಮಾಂಸ ಆರಿಸಿಕೊಳ್ಳಲಿ. ಈರುಳ್ಳಿ, ಕೊತ್ತಂಬರಿ ಬೀಜ, ಮೆಣಸು, ಚಕ್ಕೆ ಲವಂಗ, ತೆಂಗಿನಕಾಯಿ ಅರೆದು ಹಾಕಿ ಮಟನ್ ಸಾರಿನ ಹಾಗೆ ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಟ್ಟರೆ ನರವೆಲ್ಲ ಕರಗಿ ಸಾರು ಗಟ್ಟಿಯಾಗುತ್ತದೆ. ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆ ಕ್ಯಾಸ್ಪರ್‌ನಲ್ಲಿ ಸಿಗಲಾರದು.

ಉಳಿದ ಚೂರುಪಾರನ್ನು ಕೈಮಾ ಮಾಡಿ, ಕೊಬ್ಬಿನ ಕೊರತೆ ತುಂಬಲು ಹಂದಿಯ ಅಥವಾ ದನದ ಕೊಬ್ಬು ಬೆರೆಸುವುದು ಅಲ್ಲಿನ ವಾಡಿಕೆ. ಅದನ್ನು ಮಾತ್ರ ಅರೆಬೇಯಿಸಬಾರದು, ಒಳಗಿನ ಬಿಸಿ 71 ಡಿಗ್ರಿ ತಲುಪಲೇಬೇಕು. ಪೊಟ್ಟಣದ ಮೇಲೆ ಯಾವ ಭಾಗ, ಯಾವ ತಿಂಗಳು ಎಂದು ಬರೆದು ಫ್ರೀಜರಿಗೆ ಇಡಿ. ಬೇಟೆಯ ಮಾಂಸವನ್ನು ಅಲ್ಲಿ ಮಾರುವಂತಿಲ್ಲ, ಕೊಡಬಹುದು. ಮೊದಲ ಪೊಟ್ಟಣ ಹೊಲದೊಳಗೆ ಬಿಟ್ಟುಕೊಂಡ ರ‍್ಯಾಂಚಿನವರಿಗೆ ಹೋಗಲಿ, ಅದೂ ಕೈಮಾ ಅಲ್ಲ, ಬೆನ್ನುಮಾಂಸ.